ಓದುವುದಕ್ಕೆ ಒಂದೇ ದಾರಿ, ಬರೆಯುವುದಕ್ಕೆ ಊರಿಗೊಂದು

ಭಾರತದ ಗಡಿಯಾರ ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದೆ. ಆದರೆ ಯುನಿಕ್ಸ್ ಮಾದರಿಯ ಕಂಪ್ಯೂಟರ್‌ಗೆ ಈ ಮಾತು ಹೇಳಬೇಕಾದಾಗ ‘ಐಎಸ್‌ಟಿ-5:30’ ಎಂದು ಮೈನಸ್ ಹಾಕಿಯೇ ಬರೆಯಬೇಕು. ನಮ್ಮ ಸಮಯಕ್ಕೆ ಎಷ್ಟು ಕೂಡಿಸಿದರೆ ಗ್ರೀನ್‌ವಿಚ್ ಸಮಯ ಬರುತ್ತದೆ ಎಂಬುದು ಅದರ ಲೆಕ್ಕ. ನಾವು ಬಾಯಲ್ಲಿ ಹೇಳುವುದಕ್ಕೆ ಇದು ತಲೆಕೆಳಗು. ಮೈನಸ್ ಬದಲು ಪ್ಲಸ್ ಹಾಕಿಬಿಟ್ಟರೆ ಬೆಂಗಳೂರಿನ ಮಧ್ಯಾಹ್ನದ ಹನ್ನೆರಡು ಗಂಟೆ ಪರದೆಯ ಮೇಲೆ ರಾತ್ರಿ ಒಂದು ಗಂಟೆಯಾಗಿ ಕಾಣಿಸುತ್ತದೆ. ಯಾವ ಎರರ್ ಸಂದೇಶವೂ ಬರುವುದಿಲ್ಲ.

ಈ ಅಕ್ಷರಗಳನ್ನು ಬರೆದಿಡುವ ಜಾಗದ ಹೆಸರು ಟಿಝಡ್. ಅದೊಂದು ಎನ್ವಿರಾನ್‌ಮೆಂಟ್ ವೇರಿಯಬಲ್. ಸಿ ಭಾಷೆಯಲ್ಲಿ ಬರೆದ ಬಿಲ್ಲಿಂಗ್ ಪ್ರೋಗ್ರಾಮೊಂದು ಯುಟಿಸಿ (ಗ್ರೀನ್‌ವಿಚ್) ಸಮಯದಲ್ಲಿ ಓಡುತ್ತಿರುವ ಸರ್ವರ್‌ನಲ್ಲಿ ಕೂತಿದೆ ಎಂದುಕೊಳ್ಳಿ. ರಸೀದಿಯ ಮೇಲೆ ಮಾತ್ರ ಭಾರತದ ಸಮಯ ಬೀಳಬೇಕು. ಸಮಯವನ್ನು ದಿನ, ಗಂಟೆ, ನಿಮಿಷಗಳಾಗಿ ಬಿಡಿಸಿಕೊಡುವ ಲೋಕಲ್‌ಟೈಮ್ ಎಂಬ ಫಂಕ್ಷನ್ ಸಿಯಲ್ಲಿದೆ. ಆದರೆ ‘ಯಾವ ಊರಿನ ಸಮಯ’ ಎಂದು ಅದಕ್ಕೆ ಹೇಳಲು ಜಾಗವೇ ಇಲ್ಲ, ಅದು ಟಿಝಡ್ ನೋಡಿಕೊಂಡು ತಾನೇ ತೀರ್ಮಾನಿಸುತ್ತದೆ. ಹಾಗಾಗಿ ಪ್ರೋಗ್ರಾಮ್ ಮೊದಲು ಟಿಝಡ್ ಬದಲಿಸಬೇಕು, ಆಮೇಲೆ ಟಿಝಡ್‌ಸೆಟ್ ಎಂಬ ಫಂಕ್ಷನ್ ಕರೆದು ‘ಬದಲಾಗಿದೆ, ಮತ್ತೆ ಓದಿಕೋ’ ಎನ್ನಬೇಕು, ಕೊನೆಗೆ ಲೋಕಲ್‌ಟೈಮ್. ಮೂರು ಸಾಲಿನ ಕೆಲಸ. ಎರಡನೆಯದೂ ಮೂರನೆಯದೂ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಮೊದಲನೆಯ ಸಾಲು ಮಾತ್ರ ಊರೂರಿಗೆ ಬೇರೆ. ಸಿ ಭಾಷೆಗೆ ಐವತ್ತು ವರ್ಷ ದಾಟಿದ ಮೇಲೂ ಎಲ್ಲ ಕಡೆ ನಡೆಯುವ ಒಂದೇ ಸಾಲು ಅದಕ್ಕಿಲ್ಲ.

ಕೆಲಸದಲ್ಲಿರುವ ಎಂಜಿನಿಯರುಗಳೂ ಇದನ್ನು ಸಣ್ಣ ವಿಷಯ ಎಂದುಕೊಂಡಿರುತ್ತಾರೆ. ಅದು ಸಣ್ಣದಲ್ಲ ಎಂಬುದಕ್ಕೆ ಕಾರಣಗಳಿವೆ. ಅದಕ್ಕೂ ಮುಂಚೆ ಎನ್ವಿರಾನ್‌ಮೆಂಟ್ ಎನ್ನುವುದು ಏನು ಎಂದು ನೋಡಿಕೊಂಡುಬಿಡೋಣ.

1979ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಹೊರಬಂದ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಇದು ಈಗಿನ ರೂಪಕ್ಕೆ ಬಂತು. ಸ್ಟೀವ್ ಬೋರ್ನ್ ಬರೆದ ಶೆಲ್ ಹೊರಬಂದದ್ದೂ ಅದೇ ಆವೃತ್ತಿಯಲ್ಲಿ. ಒಂದು ಪ್ರೋಗ್ರಾಮ್ ಶುರುವಾಗುವಾಗ ಅದಕ್ಕೆ ಎರಡು ಪಟ್ಟಿಗಳು ಸಿಗುತ್ತವೆ. ಒಂದು, ಕಮಾಂಡ್ ಜೊತೆ ನಾವು ಟೈಪ್ ಮಾಡಿದ ಪದಗಳದ್ದು. ಇನ್ನೊಂದು ‘ಹೆಸರು=ಬೆಲೆ’ ಎಂಬ ರೂಪದ ಸಾಲುಗಳದ್ದು. ಪಾತ್, ಹೋಮ್, ಲ್ಯಾಂಗ್, ಟಿಝಡ್ ಎಲ್ಲವೂ ಇರುವುದು ಈ ಎರಡನೆಯ ಪಟ್ಟಿಯಲ್ಲಿ. ಲಿನಕ್ಸ್‌ನಲ್ಲಿ ಕರ್ನಲ್ ಇವನ್ನು ಹೊಸ ಪ್ರೋಗ್ರಾಮಿನ ಸ್ಟ್ಯಾಕ್‌ನ ಮೇಲ್ತುದಿಯಲ್ಲಿ ಇಟ್ಟು ಕಳಿಸುತ್ತದೆ. ಅಲ್ಲಿಗೆ ಕರ್ನಲ್‌ನ ಪಾತ್ರ ಮುಗಿಯಿತು. ಆಮೇಲೆ ಆ ಪಟ್ಟಿಯಲ್ಲಿ ಏನೇ ತಿದ್ದಿದರೂ ಅದು ಪ್ರೋಗ್ರಾಮಿನ ಸ್ವಂತ ಮೆಮೊರಿಯೊಳಗಿನ ವ್ಯವಹಾರ, ಕರ್ನಲ್‌ಗೆ ಸುದ್ದಿಯೂ ಹೋಗುವುದಿಲ್ಲ. ಲಿನಕ್ಸ್‌ನ ಪ್ರೋಕ್ ಫೋಲ್ಡರ್‌ನಲ್ಲಿ ಪ್ರತಿ ಪ್ರೊಸೆಸ್‌ಗೂ ಎನ್ವಿರಾನ್ ಎಂಬ ಫೈಲ್ ಇರುತ್ತದಲ್ಲ, ಅದನ್ನು ತೆರೆದರೆ ಕಾಣುವುದು ಶುರುವಿನಲ್ಲಿ ಕೊಟ್ಟ ಪಟ್ಟಿ. ನಡುವೆ ಪ್ರೋಗ್ರಾಮ್ ಸೇರಿಸಿಕೊಂಡ ಹೊಸ ವೇರಿಯಬಲ್ ಅಲ್ಲಿ ಕಾಣುವುದಿಲ್ಲ. ಡೀಬಗ್ ಮಾಡಲು ಕೂತವರು ಈ ಫೈಲ್ ನಂಬಿ ಅರ್ಧ ದಿನ ಕಳೆದುಕೊಳ್ಳುವುದುಂಟು.

ಹೊಸಬರು ಕೇಳುವ ಇನ್ನೊಂದು ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ‘ನನ್ನ ಸಿ ಪ್ರೋಗ್ರಾಮ್ ಪಾತ್ ಬದಲಿಸಿತು, ಅದು ಮುಗಿದ ಮೇಲೆ ಟರ್ಮಿನಲ್‌ನಲ್ಲಿ ನೋಡಿದರೆ ಹಳೆಯದೇ ಇದೆ, ಯಾಕೆ?’ ಯಾಕೆಂದರೆ ಮಗು ಪ್ರೊಸೆಸ್‌ಗೆ ಸಿಕ್ಕಿದ್ದು ಪ್ರತಿ. ಆಸ್ತಿ ಮೇಲಿಂದ ಕೆಳಕ್ಕೆ ಮಾತ್ರ ಇಳಿಯುತ್ತದೆ. ಶೆಲ್‌ನ ಎನ್ವಿರಾನ್‌ಮೆಂಟ್ ಬದಲಿಸಬೇಕಾದರೆ ಶೆಲ್ಲೇ ಬದಲಿಸಿಕೊಳ್ಳಬೇಕು, ಹೊರಗಿನ ಪ್ರೋಗ್ರಾಮಿಗೆ ಆ ಹಕ್ಕಿಲ್ಲ.

ಇನ್ನು ಸಿ ಸ್ಟ್ಯಾಂಡರ್ಡ್‌ನ ವಿಚಾರ. 1989ರಲ್ಲಿ ಅಮೆರಿಕದ ಆನ್ಸಿ ಸಂಸ್ಥೆ ಸಿಗೆ ಮೊದಲ ಅಧಿಕೃತ ನಿಯಮಾವಳಿ ಹೊರಡಿಸಿತು. ಅದರಲ್ಲಿ ಗೆಟ್‌ಎನ್ವ್ ಇದೆ: ಹೆಸರು ಕೊಟ್ಟರೆ ಬೆಲೆ ಸಿಗುತ್ತದೆ, ಇಲ್ಲವಾದರೆ ನಲ್. ಬರೆಯುವ ಫಂಕ್ಷನ್ ಇಲ್ಲ. ಪಟ್ಟಿಯನ್ನು ಬದಲಿಸುವ ವಿಧಾನ ಆಯಾ ವ್ಯವಸ್ಥೆಗೆ ಬಿಟ್ಟದ್ದು ಎಂದು ಬರೆದು ಸ್ಟ್ಯಾಂಡರ್ಡ್ ಕೈ ತೊಳೆದುಕೊಂಡಿತು. ಅದನ್ನು ಬರೆದವರನ್ನು ಪೂರ್ತಿ ದೂರುವಂತಿಲ್ಲ. ಸಿ ಓಡಬೇಕಾಗಿದ್ದದ್ದು ಯುನಿಕ್ಸ್‌ನಲ್ಲಿ ಮಾತ್ರವಲ್ಲ. ಎನ್ವಿರಾನ್‌ಮೆಂಟ್ ಎಂಬ ಕಲ್ಪನೆಯೇ ಇಲ್ಲದ ಯಂತ್ರಗಳೂ ಇದ್ದವು. ‘ಹುಡುಕಿದೆ, ಸಿಗಲಿಲ್ಲ’ ಎಂದು ಅಂಥ ಯಂತ್ರವೂ ಉತ್ತರ ಕೊಡಬಲ್ಲದು. ‘ಬರೆದಿಡು’ ಎಂದರೆ ಎಲ್ಲಿ ಬರೆದಿಡುವುದು?

ಅಷ್ಟರಲ್ಲಿ ಯುನಿಕ್ಸ್ ಮನೆಯೂ ಒಡೆದಿತ್ತು. ಎಟಿ ಅಂಡ್ ಟಿಯ ಸಿಸ್ಟಮ್ ಫೈವ್ ಕಡೆಯವರು ಪುಟ್‌ಎನ್ವ್ ಕೊಟ್ಟರು. ಬರ್ಕ್ಲಿಯ ಬಿಎಸ್‌ಡಿ ಕಡೆಯವರು 4.3 ಆವೃತ್ತಿಯಲ್ಲಿ ಸೆಟ್‌ಎನ್ವ್ ಮತ್ತು ಅನ್‌ಸೆಟ್‌ಎನ್ವ್ ಕೊಟ್ಟರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡನ್ನೂ ಒಂದೇ ಕಡೆ ಸೇರಿಸಿದ್ದು ಯುನಿಕ್ಸ್ ಬಳಗಕ್ಕೆಲ್ಲ ಸಾಮಾನ್ಯ ನಿಯಮವಾದ ಪೋಸಿಕ್ಸ್ ಸ್ಟ್ಯಾಂಡರ್ಡ್‌ನ 2001ರ ಆವೃತ್ತಿ. ಪಟ್ಟಿಯನ್ನು ಪೂರ್ತಿ ಖಾಲಿ ಮಾಡುವ ಕ್ಲಿಯರ್‌ಎನ್ವ್ ಎಂಬುದನ್ನೂ ಪೋಸಿಕ್ಸ್ ಸಮಿತಿ ಪರಿಶೀಲಿಸಿ ಬೇಡವೆಂದಿತು. ಅದು ಕೆಲವು ವ್ಯವಸ್ಥೆಗಳಲ್ಲಿ ಇದೆ, ಕೆಲವುಗಳಲ್ಲಿ ಇಲ್ಲ. ಸೋಲಾರಿಸ್ 9, ಐರಿಕ್ಸ್ 6.5ರಂಥ ಹಳೆಯ ಯುನಿಕ್ಸ್‌ಗಳಲ್ಲಿ ಸೆಟ್‌ಎನ್ವ್ ಇರಲೇ ಇಲ್ಲ. ಆದ್ದರಿಂದಲೇ ಹಳೆಯ ಪುಸ್ತಕಗಳಲ್ಲಿ ‘ಎಲ್ಲ ಕಡೆ ನಡೆಯಬೇಕಾದರೆ ಪುಟ್‌ಎನ್ವ್ ಬಳಸಿ’ ಎಂಬ ಸಲಹೆ ಇರುತ್ತದೆ. ಅವತ್ತಿಗೆ ಅದು ಸರಿ. ಇವತ್ತಿಗೆ ಅದು ಕೆಟ್ಟ ಸಲಹೆ ಎಂದೇ ನನ್ನ ಅಭಿಪ್ರಾಯ.

ಪುಟ್‌ಎನ್ವ್ ಎಂಬ ಬಲೆ

ಪುಟ್‌ಎನ್ವ್‌ಗೆ ಕೊಡಬೇಕಾದ್ದು ಒಂದೇ ಸ್ಟ್ರಿಂಗ್: ‘ಟಿಝಡ್=ಐಎಸ್‌ಟಿ-5:30’. ನೋಡಲು ಸಲೀಸು. ಈಗ ಒಬ್ಬರು ಹೀಗೆ ಬರೆಯುತ್ತಾರೆ: ವಲಯದ ಹೆಸರು ತೆಗೆದುಕೊಳ್ಳುವ ಒಂದು ಪುಟ್ಟ ಫಂಕ್ಷನ್, ಅದರೊಳಗೆ ಅರವತ್ತನಾಲ್ಕು ಬೈಟಿನ ಲೋಕಲ್ ಅರೇ, ಎಸ್‌ಎನ್‌ಪ್ರಿಂಟ್‌ಎಫ್‌ನಿಂದ ಆ ಅರೇಯೊಳಗೆ ‘ಟಿಝಡ್=’ ಮತ್ತು ವಲಯದ ಹೆಸರನ್ನು ಜೋಡಿಸುವುದು, ಪುಟ್‌ಎನ್ವ್‌ಗೆ ಅರೇ ಕೊಡುವುದು, ರಿಟರ್ನ್. ಕಂಪೈಲರ್ ಚಕಾರ ಎತ್ತುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಸಮಯವೂ ಸರಿಯಾಗಿಯೇ ಬರಬಹುದು.

ಆದರೆ ಪೋಸಿಕ್ಸ್ ಪ್ರಕಾರ ಪುಟ್‌ಎನ್ವ್ ಪ್ರತಿ ಮಾಡಿಕೊಳ್ಳುವುದಿಲ್ಲ. ನೀವು ಕೊಟ್ಟ ಅರೇಯೇ ಎನ್ವಿರಾನ್‌ಮೆಂಟ್‌ನ ಭಾಗವಾಗುತ್ತದೆ. ಕಾಲೇಜು ಕಚೇರಿಗೆ ಮೂಲ ಅಂಕಪಟ್ಟಿಯನ್ನೇ ಒಪ್ಪಿಸಿ ಬಂದಂತೆ ಇದು. ಸೆಟ್‌ಎನ್ವ್ ಆದರೆ ಜೆರಾಕ್ಸ್ ತೆಗೆದುಕೊಂಡು ಮೂಲವನ್ನು ನಿಮ್ಮ ಕೈಗೇ ಕೊಟ್ಟುಬಿಡುತ್ತದೆ. ಮೇಲಿನ ಫಂಕ್ಷನ್ ಮುಗಿದ ಗಳಿಗೆಯಲ್ಲಿ ಆ ಲೋಕಲ್ ಅರೇಯ ಆಯುಸ್ಸೂ ಮುಗಿಯಿತು. ಸ್ಟ್ಯಾಕ್‌ನ ಆ ಜಾಗದ ಮೇಲೆ ಮುಂದಿನ ಫಂಕ್ಷನ್ ತನ್ನ ಸಾಮಾನು ಹರಡಿಕೊಳ್ಳುತ್ತದೆ. ಎನ್ವಿರಾನ್‌ಮೆಂಟ್ ಪಟ್ಟಿಯ ಒಂದು ಪಾಯಿಂಟರ್ ಇನ್ನೂ ಅದೇ ಜಾಗವನ್ನು ತೋರಿಸುತ್ತಿರುತ್ತದೆ. ಆಮೇಲೆ ಗೆಟ್‌ಎನ್ವ್ ಕರೆದರೆ ಟಿಝಡ್ ಇಲ್ಲವೆಂದು ಬರಬಹುದು, ಕಸ ಬರಬಹುದು, ಪ್ರೋಗ್ರಾಮ್ ಕೆಳಗೆ ಬೀಳಬಹುದು. ಪುಟ್‌ಎನ್ವ್‌ನ ಆರ್ಗ್ಯುಮೆಂಟ್‌ಗೆ ಕಾನ್ಸ್ಟ್ ಎಂಬ ಗುರುತು ಇಲ್ಲದಿರುವುದೇ ಅದರ ಎಚ್ಚರಿಕೆ. ಆ ಗುರುತು ಇಲ್ಲ ಎಂಬುದನ್ನು ಎಷ್ಟು ಜನ ಗಮನಿಸುತ್ತಾರೆ?

ಇದಕ್ಕಿಂತ ಕಿರಿಕಿರಿಯ ಸಂಗತಿ ಎಂದರೆ ಎಲ್ಲರೂ ಈ ನಿಯಮ ಪಾಲಿಸಲಿಲ್ಲ. ಹಳೆಯ ಬಿಎಸ್‌ಡಿಗಳ ಪುಟ್‌ಎನ್ವ್ ಒಳಗೊಳಗೇ ಪ್ರತಿ ಮಾಡಿಕೊಳ್ಳುತ್ತಿತ್ತು. ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿ ಕೂಡ 2.0ರಿಂದ 2.1.1ರವರೆಗೆ ಹಾಗೇ ಮಾಡಿ 2.1.2ರಲ್ಲಿ ತಿದ್ದಿಕೊಂಡಿತು. ವಿಂಡೋಸ್‌ನದು ಇವತ್ತಿಗೂ ಪ್ರತಿ ಮಾಡಿಕೊಳ್ಳುತ್ತದೆ. ಹೀಗಾಗಿ ಮೇಲಿನ ತಪ್ಪು ಫಂಕ್ಷನ್ ಒಂದು ಯಂತ್ರದಲ್ಲಿ ವರ್ಷಗಟ್ಟಲೆ ಸರಿಯಾಗಿ ಓಡಿ, ಇನ್ನೊಂದಕ್ಕೆ ಸಾಗಿಸಿದ ದಿನ ಕೈಕೊಡುತ್ತದೆ. ಬಯ್ಗುಳ ಮಾತ್ರ ಹೊಸ ಯಂತ್ರದ ಪಾಲಿಗೆ.

ಪುಟ್‌ಎನ್ವ್‌ಗೆ ‘=’ ಚಿಹ್ನೆಯೇ ಇಲ್ಲದೆ ಬರೀ ಹೆಸರು ಕೊಟ್ಟರೆ ಜಿಲಿಬ್‌ಸಿ ಆ ವೇರಿಯಬಲ್ ಅನ್ನು ಅಳಿಸಿಹಾಕುತ್ತದೆ. ಅದು ಅದರ ಸ್ವಂತ ಸೌಲಭ್ಯ, ಬೇರೆ ಕಡೆ ನೆಚ್ಚಿಕೊಳ್ಳುವಂತಿಲ್ಲ.

ಸೆಟ್‌ಎನ್ವ್ ಇಷ್ಟು ಮೋಸದ್ದಲ್ಲ. ಹೆಸರು, ಬೆಲೆ, ‘ಈಗಾಗಲೇ ಇದ್ದರೆ ಮೇಲೆ ಬರೆಯಲೇ’ ಎಂಬ ಅಂಕಿ, ಹೀಗೆ ಮೂರು ಆರ್ಗ್ಯುಮೆಂಟ್‌ಗಳು. ಮೂರನೆಯದಕ್ಕೆ ಸೊನ್ನೆ ಕೊಟ್ಟರೆ ಬಳಕೆದಾರ ಮೊದಲೇ ಇಟ್ಟುಕೊಂಡಿದ್ದ ಬೆಲೆಗೆ ಕೈಹಚ್ಚುವುದಿಲ್ಲ. ಡೀಫಾಲ್ಟ್ ಬೆಲೆ ಇಡುವುದಕ್ಕೆ ಇದಕ್ಕಿಂತ ಮರ್ಯಾದೆಯ ದಾರಿ ಇಲ್ಲ. ಹೆಸರು ಖಾಲಿಯಿದ್ದರೆ ಅಥವಾ ಹೆಸರಿನೊಳಗೆ ‘=’ ಇದ್ದರೆ ಮೈನಸ್ ಒಂದು ವಾಪಸ್ ಬರುತ್ತದೆ, ಮೆಮೊರಿ ಸಾಲದಿದ್ದರೂ ಅಷ್ಟೆ. ಆ ಉತ್ತರವನ್ನು ಪರೀಕ್ಷಿಸುವ ಕೋಡ್ ಕಾಣುವುದು ಅಪರೂಪ.

ಸೆಟ್‌ಎನ್ವ್‌ಗೆ ಅದರದ್ದೇ ಆದ ಒಂದು ಕೊಂಕೂ ಇದೆ. ರಸೀದಿ ಮುಗಿದ ಮೇಲೆ ಟಿಝಡ್ ಅನ್ನು ಮೊದಲಿನಂತೆ ಮಾಡಬೇಕಲ್ಲ, ಅದಕ್ಕೆಂದು ಹಳೆಯ ಬೆಲೆಯನ್ನು ಗೆಟ್‌ಎನ್ವ್‌ನಿಂದ ತೆಗೆದು ಒಂದು ಪಾಯಿಂಟರ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಗೆಟ್‌ಎನ್ವ್ ಕೊಡುವುದು ಪಟ್ಟಿಯೊಳಗಿನ ಜಾಗದ ವಿಳಾಸ ಅಷ್ಟೆ. ನಡುವೆ ಸೆಟ್‌ಎನ್ವ್ ಕರೆದರೆ ಆ ವಿಳಾಸದಲ್ಲಿ ಹಳೆಯ ಬೆಲೆ ಉಳಿದಿರುತ್ತದೆ ಎಂಬ ಭರವಸೆ ಇಲ್ಲ. ಜಿಲಿಬ್‌ಸಿ ಹಳೆಯ ಸ್ಟ್ರಿಂಗ್‌ಗಳನ್ನು ಬಿಡುಗಡೆ ಮಾಡುವುದೇ ಇಲ್ಲ, ಮೆಮೊರಿ ಸೋರಿದರೂ ಸರಿ ಎಂದು ಬಿಟ್ಟಿರುತ್ತದೆ. ಹಾಗಾಗಿ ಅಲ್ಲಿ ಈ ತಪ್ಪು ಅಡಗಿ ಕೂರುತ್ತದೆ. ಮಸಲ್ ಎಂಬ ಪುಟ್ಟ ಲೈಬ್ರರಿ ತಾನು ಮಾಡಿಕೊಂಡ ಹಳೆಯ ಪ್ರತಿಯನ್ನು ಬಿಡುಗಡೆ ಮಾಡುತ್ತದೆ. ಅಲ್ಲಿ ಅದೇ ತಪ್ಪು ತಲೆ ಎತ್ತುತ್ತದೆ. ಸರಿಯಾದ ಕ್ರಮ: ಹಳೆಯ ಬೆಲೆಯನ್ನು ಸ್ಟ್ರ್‌ಡಪ್‌ನಿಂದ ನಮ್ಮದೇ ಮೆಮೊರಿಗೆ ನಕಲು ಮಾಡಿಕೊಳ್ಳಿ, ಆಮೇಲೆ ಬದಲಿಸಿ. ಮೊದಲು ಟಿಝಡ್ ಇರಲೇ ಇಲ್ಲವೆಂದಾದರೆ ವಾಪಸ್ ಮಾಡುವಾಗ ಖಾಲಿ ಸ್ಟ್ರಿಂಗ್ ಇಡಬಾರದು, ಅನ್‌ಸೆಟ್‌ಎನ್ವ್ ಕರೆಯಬೇಕು. ಖಾಲಿ ಟಿಝಡ್ ಎಂದರೆ ಲಿನಕ್ಸ್‌ನಲ್ಲಿ ಯುಟಿಸಿ. ಟಿಝಡ್ ಇಲ್ಲವೇ ಇಲ್ಲ ಎಂದರೆ ಆ ಯಂತ್ರದಲ್ಲಿ ಹೊಂದಿಸಿಟ್ಟ ಊರಿನ ಸಮಯ. ಎರಡೂ ಒಂದೇ ಅಲ್ಲ.

ಕಂಪೈಲರ್‌ನದೂ ಒಂದು ತಕರಾರಿದೆ. ಜಿಸಿಸಿಗೆ ‘ಸಿ99 ಸ್ಟ್ಯಾಂಡರ್ಡ್ ಮಾತ್ರ’ ಎಂದು ಕಟ್ಟುನಿಟ್ಟಾಗಿ ಹೇಳಿದರೆ ಹೆಡರ್ ಫೈಲ್ ಸೆಟ್‌ಎನ್ವ್‌ನ ಘೋಷಣೆಯನ್ನು ಮರೆಮಾಚುತ್ತದೆ, ಏಕೆಂದರೆ ಅದು ಸಿ99ರಲ್ಲಿ ಇಲ್ಲ. ಹೆಡರ್‌ಗಳಿಗೂ ಮುಂಚೆ ಪೋಸಿಕ್ಸ್ ಸಿ ಸೋರ್ಸ್ ಎಂಬ ಮ್ಯಾಕ್ರೋಗೆ 200112ಎಲ್ ಎಂಬ ಬೆಲೆ ಕೊಟ್ಟರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮುಂಚೆ ಇದು ಬರೀ ವಾರ್ನಿಂಗ್ ಆಗಿ ಹಾದುಹೋಗುತ್ತಿತ್ತು. 2024ರ ಜಿಸಿಸಿ 14ರಿಂದ ಘೋಷಣೆಯಿಲ್ಲದ ಫಂಕ್ಷನ್ ಕರೆದರೆ ಕಂಪೈಲೇ ಆಗುವುದಿಲ್ಲ. ಒಳ್ಳೆಯದೇ ಆಯಿತು.

ವಿಂಡೋಸ್‌ನ ಎರಡು ಪಟ್ಟಿಗಳು

ವಿಂಡೋಸ್‌ಗೆ ಬಂದರೆ ಸೆಟ್‌ಎನ್ವ್ ಎಂಬ ಹೆಸರೇ ಇಲ್ಲ. ಮೈಕ್ರೋಸಾಫ್ಟ್‌ನ ಸಿ ಲೈಬ್ರರಿ ಕೊಡುವುದು _ಪುಟ್‌ಎನ್ವ್ ಮತ್ತು _ಪುಟ್‌ಎನ್ವ್_ಎಸ್. ಎರಡನೆಯದು ಹೆಸರು ಮತ್ತು ಬೆಲೆಯನ್ನು ಬೇರೆ ಬೇರೆಯಾಗಿ ತೆಗೆದುಕೊಳ್ಳುತ್ತದೆ, ಸೆಟ್‌ಎನ್ವ್‌ಗೆ ಹತ್ತಿರದ ನೆಂಟ. ಆದರೆ ಯಶಸ್ಸಿಗೆ ಸೊನ್ನೆ, ಸೋಲಿಗೆ ಮೈನಸ್ ಒಂದರ ಬದಲು ಎರರ್ ಸಂಖ್ಯೆ ಕೊಡುತ್ತದೆ. ‘ಈಗಾಗಲೇ ಇದ್ದರೆ ಬಿಡು’ ಎನ್ನುವ ಮೂರನೆಯ ಅಂಕಿಯೂ ಇಲ್ಲ, ಅದನ್ನು ನಾವೇ ಮೊದಲು ಗೆಟ್‌ಎನ್ವ್ ಕರೆದು ನೋಡಿಕೊಳ್ಳಬೇಕು.

ನಿಜವಾದ ವ್ಯತ್ಯಾಸ ಖಾಲಿ ಬೆಲೆಯಲ್ಲಿದೆ. ಯುನಿಕ್ಸ್‌ನಲ್ಲಿ ಒಂದು ವೇರಿಯಬಲ್ ಇದ್ದೂ ಖಾಲಿಯಾಗಿರಬಹುದು. ವಿಂಡೋಸ್‌ನ ಈ ಫಂಕ್ಷನ್‌ಗಳಿಗೆ ಖಾಲಿ ಬೆಲೆ ಕೊಟ್ಟರೆ ಅದು ವೇರಿಯಬಲ್ ಅನ್ನೇ ಅಳಿಸಿಹಾಕುತ್ತದೆ. ಆದ್ದರಿಂದ ಎರಡೂ ಕಡೆ ಓಡಬೇಕಾದ ಪ್ರೋಗ್ರಾಮ್ ತನ್ನ ಸ್ವಂತ ವೇರಿಯಬಲ್‌ಗಳಲ್ಲಿ ‘ಇಲ್ಲ’ ಮತ್ತು ‘ಖಾಲಿ’ ಎಂಬುದಕ್ಕೆ ಬೇರೆ ಬೇರೆ ಅರ್ಥ ಕೊಡಲೇಬಾರದು. ಟರ್ಮಿನಲ್‌ನಲ್ಲಿ ಬಣ್ಣ ಬೇಡ ಎನ್ನುವವರಿಗಾಗಿ ನೋ ಕಲರ್ ಎಂಬ ವೇರಿಯಬಲ್ ಬಳಕೆಯಲ್ಲಿದೆ. ಅದರ ನಿಯಮ ‘ಇದ್ದು, ಖಾಲಿಯಾಗಿಲ್ಲದಿದ್ದರೆ’ ಎಂದೇ ಹೇಳುತ್ತದೆ. ಜಾಣ ನಿಯಮ. ಇನ್ನು ಹೆಸರುಗಳಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಭೇದ ಯುನಿಕ್ಸ್‌ಗೆ ಇದೆ, ವಿಂಡೋಸ್‌ಗೆ ಇಲ್ಲ. ಬರೀ ಅಕ್ಷರದ ಗಾತ್ರದಲ್ಲಿ ಬೇರೆಯಾಗುವ ಎರಡು ವೇರಿಯಬಲ್ ಇಟ್ಟುಕೊಂಡ ಪ್ರೋಗ್ರಾಮ್ ಅಲ್ಲಿಗೆ ಹೋದ ದಿನ ಒಂದನ್ನು ಕಳೆದುಕೊಳ್ಳುತ್ತದೆ.

ವಿಂಡೋಸ್‌ನಲ್ಲಿ ಒಂದೇ ಪ್ರೊಸೆಸ್‌ಗೆ ಎನ್ವಿರಾನ್‌ಮೆಂಟ್ ಪಟ್ಟಿ ಎರಡಿರುತ್ತವೆ. ಒಂದು ಆಪರೇಟಿಂಗ್ ಸಿಸ್ಟಮ್‌ನದು. ಇನ್ನೊಂದು ಸಿ ಲೈಬ್ರರಿ ಶುರುವಿನಲ್ಲಿ ಮಾಡಿಕೊಂಡ ಪ್ರತಿ. _ಪುಟ್‌ಎನ್ವ್ ಎರಡನ್ನೂ ತಿದ್ದುತ್ತದೆ. ಸೆಟ್‌ಎನ್ವಿರಾನ್‌ಮೆಂಟ್‌ವೇರಿಯಬಲ್ ಎಂಬ ವಿಂಡೋಸ್‌ನ ಸ್ವಂತ ಫಂಕ್ಷನ್ ಮೊದಲನೆಯದನ್ನು ಮಾತ್ರ ತಿದ್ದುತ್ತದೆ, ಆಮೇಲೆ ಗೆಟ್‌ಎನ್ವ್ ಕರೆದರೆ ಹಳೆಯ ಬೆಲೆಯೇ ಬರುತ್ತದೆ. ಇಷ್ಟಕ್ಕೇ ಮುಗಿಯುವುದಿಲ್ಲ. ವಿಷುಯಲ್ ಸ್ಟುಡಿಯೋದ ಬೇರೆ ಬೇರೆ ಆವೃತ್ತಿಗಳಲ್ಲಿ ಕಂಪೈಲ್ ಆದ ಡಿಎಲ್‌ಎಲ್‌ಗಳು ಒಂದೇ ಪ್ರೊಸೆಸ್‌ಗೆ ಬಂದು ಸೇರಿದಾಗ, ಒಂದೊಂದರ ಜೊತೆಗೂ ಅದರದ್ದೇ ಸಿ ಲೈಬ್ರರಿ, ಅದರದ್ದೇ ಎನ್ವಿರಾನ್‌ಮೆಂಟ್ ಪ್ರತಿ ಬರಬಹುದು. ಆಗ ಪಟ್ಟಿಗಳು ಎರಡಲ್ಲ, ನಾಲ್ಕೈದು.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರು ಈ ಸಂಕಟಕ್ಕೆ ಬರೆದುಕೊಂಡ ಕೋಡ್ ಎಲ್ಲರೂ ಓದಬಹುದಾದಂತೆ ಅವರ ಮೂಲದಲ್ಲಿ, ವಿನ್32ಎನ್ವ್ ಎಂಬ ಫೈಲಿನಲ್ಲಿದೆ. ಮೈಕ್ರೋಸಾಫ್ಟ್‌ನ ಹಳೆಯ, ಹೊಸ ಸಿ ಲೈಬ್ರರಿಗಳ ಹೆಸರುಗಳನ್ನೆಲ್ಲ ಅಲ್ಲಿ ಪಟ್ಟಿ ಮಾಡಿದ್ದಾರೆ. ಒಂದೊಂದೂ ಈ ಪ್ರೊಸೆಸ್‌ನಲ್ಲಿ ಲೋಡ್ ಆಗಿದೆಯೇ ಎಂದು ನೋಡುತ್ತಾರೆ, ಆಗಿದ್ದರೆ ಅದರೊಳಗಿನ _ಪುಟ್‌ಎನ್ವ್ ಹುಡುಕಿ ಕರೆಯುತ್ತಾರೆ. ಒಂದು ವೇರಿಯಬಲ್ ಇಡಲು ಮನೆಮನೆಗೂ ಹೋಗಿ ಬಾಗಿಲು ಬಡಿಯುವ ಕೆಲಸ. ನೋಡಲು ಚೆಂದವಿಲ್ಲ, ಆದರೆ ಬೇರೆ ದಾರಿ ಇರಲಿಲ್ಲ.

ಮ್ಯಾಕ್‌ನಲ್ಲಿ ಸೆಟ್‌ಎನ್ವ್ ಇದೆ, ತೊಂದರೆ ಕಡಿಮೆ. ಪಟ್ಟಿಯನ್ನೇ ನೇರ ಮುಟ್ಟುವ ಎನ್ವಿರಾನ್ ಎಂಬ ಗ್ಲೋಬಲ್ ಪಾಯಿಂಟರ್ ಮಾತ್ರ ಅಲ್ಲಿನ ಶೇರ್ಡ್ ಲೈಬ್ರರಿಗಳಿಗೆ ಸಿಗುವುದಿಲ್ಲ, ಎನ್‌ಎಸ್‌ಗೆಟ್‌ಎನ್ವಿರಾನ್ ಎಂಬ ಬೇರೆ ಬಾಗಿಲಿನಿಂದ ಹೋಗಬೇಕು.

ಹಾಗಾದರೆ ಎಲ್ಲ ಕಡೆ ನಡೆಯುವಂತೆ ಬರೆಯುವುದು ಹೇಗೆ? ಉತ್ತರದಲ್ಲಿ ಚಮತ್ಕಾರವೇನೂ ಇಲ್ಲ. ಪ್ರಾಜೆಕ್ಟ್‌ನಲ್ಲಿ ಒಂದೇ ಒಂದು ಫೈಲ್ ಇರಲಿ, ಅದರಲ್ಲಿ ಎರಡು ಫಂಕ್ಷನ್ ಇರಲಿ: ಇಡುವುದು, ಅಳಿಸುವುದು. _ವಿನ್32 ಎಂಬ ಮ್ಯಾಕ್ರೋ ಇದ್ದರೆ ಒಳಗೆ _ಪುಟ್‌ಎನ್ವ್_ಎಸ್, ಇಲ್ಲದಿದ್ದರೆ ಸೆಟ್‌ಎನ್ವ್ ಮತ್ತು ಅನ್‌ಸೆಟ್‌ಎನ್ವ್. ಹೆಸರಿನಲ್ಲಿ ‘=’ ಇದೆಯೇ ಎಂದು ನಾವೇ ಪರೀಕ್ಷಿಸುವುದು. ಖಾಲಿ ಬೆಲೆ ಬಂದರೆ ಎರಡೂ ಕಡೆ ಅಳಿಸುವುದು ಎಂದು ನಿರ್ಧರಿಸಿ ಕಾಮೆಂಟ್‌ನಲ್ಲಿ ಬರೆದಿಡುವುದು. ಉತ್ತರ ಸೊನ್ನೆ ಅಥವಾ ಮೈನಸ್ ಒಂದು. ಈ ಫೈಲ್ ಬಿಟ್ಟು ಬೇರೆಲ್ಲೂ ಸೆಟ್‌ಎನ್ವ್, ಪುಟ್‌ಎನ್ವ್ ಎಂಬ ಪದಗಳು ಕಾಣಿಸಬಾರದು. ಇಷ್ಟಕ್ಕೆ ಮೂವತ್ತು ಸಾಲು ಸಾಕು. ಬರೆಯಲು ಬೇಸರವಾದರೆ ಗ್ನು ಯೋಜನೆಯ ಗ್ನುಲಿಬ್‌ನಲ್ಲಿ ಸೆಟ್‌ಎನ್ವ್‌ಗೆ ಬದಲಿ ಸಿದ್ಧವಿದೆ, ಜಿಟಿಕೆ ಬಳಗದ ಜಿಲಿಬ್‌ನಲ್ಲಿ ಜಿ_ಸೆಟ್‌ಎನ್ವ್ ಇದೆ.

ಬೆಲೆಯ ವಿಷಯದಲ್ಲೂ ಎಚ್ಚರ ಬೇಕು. ‘ಏಷ್ಯಾ/ಕೋಲ್ಕತಾ’ ಎಂದು ಟಿಝಡ್‌ಗೆ ಕೊಟ್ಟರೆ ಲಿನಕ್ಸ್ ಮತ್ತು ಮ್ಯಾಕ್‌ಗೆ ಅರ್ಥವಾಗುತ್ತದೆ. ಮೈಕ್ರೋಸಾಫ್ಟ್‌ನ ಸಿ ಲೈಬ್ರರಿಗೆ ಆಗುವುದಿಲ್ಲ. ‘ಐಎಸ್‌ಟಿ-5:30’ ಮೂರಕ್ಕೂ ತಿಳಿಯುತ್ತದೆ. ಭಾಷೆಯ ವೇರಿಯಬಲ್‌ಗೂ ಇದೇ ಕಥೆ. ಲ್ಯಾಂಗ್‌ಗೆ ‘ಕೆಎನ್_ಐಎನ್.ಯುಟಿಎಫ್-8’ ಎಂದು ಕೊಟ್ಟು ಸೆಟ್‌ಲೋಕೇಲ್ ಕರೆದರೆ, ಆ ಲೋಕೇಲ್ ಅಳವಡಿಸಿದ ಲಿನಕ್ಸ್‌ನಲ್ಲಿ ತಿಂಗಳು, ವಾರಗಳ ಹೆಸರು ಕನ್ನಡದಲ್ಲಿ ಬರುತ್ತವೆ. ವಿಂಡೋಸ್‌ನ ಸೆಟ್‌ಲೋಕೇಲ್ ಲ್ಯಾಂಗ್ ಕಡೆ ತಿರುಗಿಯೂ ನೋಡುವುದಿಲ್ಲ, ಬಳಕೆದಾರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆರಿಸಿದ್ದನ್ನು ತೆಗೆದುಕೊಳ್ಳುತ್ತದೆ. ವೇರಿಯಬಲ್ ಅನ್ನು ಎಲ್ಲ ಕಡೆ ಇಡಬಲ್ಲ ಫಂಕ್ಷನ್ ಬರೆದ ಮಾತ್ರಕ್ಕೆ ಅದನ್ನು ಎಲ್ಲರೂ ಓದುತ್ತಾರೆ ಎಂದೇನಿಲ್ಲ.

ಥ್ರೆಡ್ ಬಂದ ಮೇಲೆ

ಇಷ್ಟೆಲ್ಲ ಸರಿಯಾಗಿ ಬರೆದರೂ ಪ್ರೋಗ್ರಾಮ್ ಬೀಳುವ ಒಂದು ಜಾಗ ಉಳಿಯುತ್ತದೆ. ನನ್ನ ಪ್ರಕಾರ ಈ ಇಡೀ ವಿಷಯದ ತಿರುಳು ಅದೇ.

ಎನ್ವಿರಾನ್‌ಮೆಂಟ್ ವಿನ್ಯಾಸವಾದದ್ದು ಒಂದು ಪ್ರೋಗ್ರಾಮಿನಲ್ಲಿ ಒಂದೇ ಕೆಲಸ ನಡೆಯುತ್ತಿದ್ದ ಕಾಲದಲ್ಲಿ. ಈಗ ಒಂದು ಸರ್ವರ್‌ನಲ್ಲಿ ಹತ್ತಾರು ಥ್ರೆಡ್ ಏಕಕಾಲಕ್ಕೆ ಓಡುತ್ತವೆ, ಎಲ್ಲಕ್ಕೂ ಸೇರಿ ಪಟ್ಟಿ ಒಂದೇ. ಒಂದು ಥ್ರೆಡ್ ಸೆಟ್‌ಎನ್ವ್‌ನಿಂದ ಹೊಸ ಹೆಸರು ಸೇರಿಸುತ್ತದೆ ಎನ್ನಿ. ಪಟ್ಟಿಯಲ್ಲಿ ಜಾಗವಿಲ್ಲ, ಲೈಬ್ರರಿ ದೊಡ್ಡ ಜಾಗ ಹುಡುಕಿ ಪಟ್ಟಿಯನ್ನು ಅಲ್ಲಿಗೆ ಸಾಗಿಸಿ ಹಳೆಯ ಜಾಗ ಬಿಟ್ಟುಕೊಡುತ್ತದೆ. ಅದೇ ಗಳಿಗೆಯಲ್ಲಿ ಇನ್ನೊಂದು ಥ್ರೆಡ್ ಗೆಟ್‌ಎನ್ವ್ ಒಳಗೆ ಹಳೆಯ ಪಟ್ಟಿಯ ಮೂರನೆಯ ಸಾಲಿನಲ್ಲಿ ನಿಂತಿರುತ್ತದೆ. ನಾಲ್ಕನೆಯ ಸಾಲಿಗೆ ಕಾಲಿಟ್ಟರೆ ನೆಲವೇ ಇಲ್ಲ. ಸೆಗ್ಮೆಂಟೇಶನ್ ಫಾಲ್ಟ್.

ಸೆಟ್‌ಎನ್ವ್ ಒಳಗೆ ಜಿಲಿಬ್‌ಸಿಯವರು ಲಾಕ್ ಹಾಕಿದ್ದರು. ಗೆಟ್‌ಎನ್ವ್‌ಗೆ ಬಹುಕಾಲ ಹಾಕಿರಲಿಲ್ಲ. ಹಾಕಿದ್ದರೂ ಪ್ರಯೋಜನ ಅರ್ಧವೇ. ಗೆಟ್‌ಎನ್ವ್ ಕೊಡುವುದು ಪಾಯಿಂಟರ್ ಅಲ್ಲವೇ, ಲಾಕ್ ಬಿಟ್ಟ ಮೇಲೂ ಅದು ನಿಮ್ಮ ಕೈಯಲ್ಲೇ ಇರುತ್ತದೆ. ಎನ್ವಿರಾನ್ ಪಾಯಿಂಟರ್ ಹಿಡಿದು ಪಟ್ಟಿಯನ್ನು ನೇರ ಓದುವ ಕೋಡ್‌ಗೆ ಲಾಕ್‌ನ ಗೊಡವೆಯೇ ಇಲ್ಲ. ‘ನಾನೇ ಒಂದು ಮ್ಯೂಟೆಕ್ಸ್ ಹಾಕುತ್ತೇನೆ’ ಎನ್ನುವವರಿಗೂ ಸಮಾಧಾನವಿಲ್ಲ. ಇಂಟರ್‌ನೆಟ್ ವಿಳಾಸ ಹುಡುಕುವ ಗೆಟ್‌ಅಡ್ರ್‌ಇನ್ಫೋ ಜಿಲಿಬ್‌ಸಿಯಲ್ಲಿ ಒಳಗಿಂದ ಆರ್‌ಇಎಸ್ ಆಪ್ಶನ್ಸ್ ಎಂಬ ವೇರಿಯಬಲ್ ಓದುತ್ತದೆ, ಸಮಯದ ಫಂಕ್ಷನ್‌ಗಳು ಟಿಝಡ್ ಓದುತ್ತವೆ, ಅನುವಾದದ ಲೈಬ್ರರಿ ಲ್ಯಾಂಗ್ವೇಜ್ ಓದುತ್ತದೆ. ಅವು ಯಾವುವೂ ನಿಮ್ಮ ಮ್ಯೂಟೆಕ್ಸ್ ಕೇಳುವುದಿಲ್ಲ. ಆದ್ದರಿಂದ ಪ್ರೋಗ್ರಾಮ್ ಬಿದ್ದಾಗ ಸ್ಟ್ಯಾಕ್‌ನಲ್ಲಿ ಕಾಣುವುದು ಎನ್ವಿರಾನ್‌ಮೆಂಟ್‌ಗೆ ಸಂಬಂಧವೇ ಇಲ್ಲದಂತೆ ತೋರುವ ನೆಟ್‌ವರ್ಕ್ ಕೋಡ್. ಅದೂ ದಿನಾ ಬೀಳುವುದಿಲ್ಲ, ಲೋಡ್ ಹೆಚ್ಚಾದ ಯಾವುದೋ ರಾತ್ರಿ ಬೀಳುತ್ತದೆ.

ಬೇರೆ ಭಾಷೆಗಳು ಇದರಿಂದ ಪಾಠ ಕಲಿತದ್ದು ಒಂದೊಂದು ರೀತಿ. ಜಾವಾದಲ್ಲಿ ಓದುವುದಕ್ಕೆ ಮಾತ್ರ ಅವಕಾಶ, ತನ್ನ ಎನ್ವಿರಾನ್‌ಮೆಂಟ್ ಬದಲಿಸುವ ಫಂಕ್ಷನ್ ಕೊಡಲೇ ಇಲ್ಲ. ಬಹಳ ಜನ ಅದನ್ನು ಕೊರತೆ ಎಂದು ಗೊಣಗಿದರು, ನನಗೆ ಅದು ವಿವೇಕವಾಗಿಯೇ ಕಾಣುತ್ತದೆ. ಸುರಕ್ಷತೆಯನ್ನೇ ಹೆಗ್ಗಳಿಕೆ ಮಾಡಿಕೊಂಡ ರಸ್ಟ್ ಭಾಷೆ 2015ರಲ್ಲಿ ತನ್ನ ಸೆಟ್_ವಾರ್ ಸುರಕ್ಷಿತ ಎಂದು ಕೊಟ್ಟಿತು. ಅಡಿಯಲ್ಲಿ ಅದು ಕರೆಯುತ್ತಿದ್ದದ್ದು ಇದೇ ಸಿ ಫಂಕ್ಷನ್. ಕೊನೆಗೆ 2024ರ ಎಡಿಶನ್‌ನಲ್ಲಿ ಅದನ್ನು ‘ಅನ್‌ಸೇಫ್’ ಪಟ್ಟಿಗೆ ಸೇರಿಸಬೇಕಾಯಿತು. ಪೈಥಾನ್‌ನ ಓಎಸ್ ಎನ್ವಿರಾನ್ ಶುರುವಿನಲ್ಲಿ ಮಾಡಿಕೊಂಡ ನಕಲು. ಸಿ ಎಕ್ಸ್‌ಟೆನ್ಶನ್ ಒಂದು ಕೆಳಗಿನಿಂದ ಸೆಟ್‌ಎನ್ವ್ ಕರೆದರೆ ಪೈಥಾನ್‌ಗೆ ಅದು ಗೊತ್ತೇ ಆಗುವುದಿಲ್ಲ. ಇತ್ತೀಚಿನ ಜಿಲಿಬ್‌ಸಿಯಲ್ಲಿ ಗೆಟ್‌ಎನ್ವ್ ಅನ್ನು ಮೊದಲಿಗಿಂತ ಸುರಕ್ಷಿತಗೊಳಿಸಿದ್ದಾರೆ, ನಿಜ. ಆದರೆ ನಿಮ್ಮ ಗ್ರಾಹಕರ ಯಂತ್ರದಲ್ಲಿ ಯಾವ ಲೈಬ್ರರಿಯ ಯಾವ ಆವೃತ್ತಿ ಇರುತ್ತದೋ ಬಲ್ಲವರಾರು. ಎಲ್ಲ ಕಡೆ ನಡೆಯಬೇಕು ಎನ್ನುವವರು ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಹೀಗಾಗಿ ಬದಲಿಸಲೇಬೇಕಾದರೆ ಮೇನ್ ಫಂಕ್ಷನ್‌ನ ಮೊದಲ ಸಾಲುಗಳಲ್ಲಿ, ಯಾವ ಥ್ರೆಡ್ಡೂ ಹುಟ್ಟುವ ಮುಂಚೆ ಬದಲಿಸಿ ಮುಗಿಸಬೇಕು. ಜಿ_ಸೆಟ್‌ಎನ್ವ್‌ನ ಕೈಪಿಡಿಯೂ ಇದನ್ನೇ ಹೇಳುತ್ತದೆ. ಲೈಬ್ರರಿ ಬರೆಯುವವರಂತೂ ಎನ್ವಿರಾನ್‌ಮೆಂಟ್ ಮುಟ್ಟಲೇಬಾರದು, ತಮ್ಮನ್ನು ಕರೆಯುವ ಹೊತ್ತಿಗೆ ಎಷ್ಟು ಥ್ರೆಡ್ ಓಡುತ್ತಿವೆ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಬಹಳ ಸಲ ನಾವು ವೇರಿಯಬಲ್ ಬದಲಿಸುವುದು ನಮಗಾಗಿ ಅಲ್ಲ, ನಾವು ಶುರು ಮಾಡಲಿರುವ ಇನ್ನೊಂದು ಪ್ರೋಗ್ರಾಮಿಗಾಗಿ. ಅಲ್ಲಿ ನಮ್ಮ ಪಟ್ಟಿಯನ್ನು ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಎಕ್ಸೆಕ್‌ವಿಇ ಮತ್ತು ಪೋಸಿಕ್ಸ್_ಸ್ಪಾನ್ ಎರಡೂ ಕೊನೆಯಲ್ಲಿ ಒಂದು ಎನ್ವಿರಾನ್‌ಮೆಂಟ್ ಪಟ್ಟಿ ಕೇಳುತ್ತವೆ. ವಿಂಡೋಸ್‌ನ ಕ್ರಿಯೇಟ್‌ಪ್ರೊಸೆಸ್‌ನಲ್ಲೂ ಅದಕ್ಕೆ ಜಾಗವಿದೆ. ಬೇಕಾದ ಸಾಲುಗಳನ್ನು ಹೊಸ ಅರೇಯೊಂದರಲ್ಲಿ ಜೋಡಿಸಿ ಕೊಟ್ಟರಾಯಿತು. ಅರೇ ಜೋಡಿಸುವ ಕೆಲಸ ಫೋರ್ಕ್‌ಗಿಂತ ಮುಂಚೆ ಮುಗಿದಿರಲಿ. ಹಲವು ಥ್ರೆಡ್ ಇರುವ ಪ್ರೋಗ್ರಾಮ್ ಫೋರ್ಕ್ ಆದ ಮೇಲೆ ಎಕ್ಸೆಕ್ ಆಗುವವರೆಗೆ ಕರೆಯಬಹುದಾದ ಫಂಕ್ಷನ್‌ಗಳ ಪಟ್ಟಿ ಸೀಮಿತ, ಸೆಟ್‌ಎನ್ವ್ ಅದರಲ್ಲಿಲ್ಲ. ಅದು ಒಳಗೆ ಮೆಮೊರಿ ಕೇಳುತ್ತದೆ, ಆ ಮೆಮೊರಿಯ ಲಾಕ್ ಹಿಡಿದಿದ್ದ ಥ್ರೆಡ್ ಮಗು ಪ್ರೊಸೆಸ್‌ಗೆ ಬಂದಿರುವುದೇ ಇಲ್ಲ. ಪ್ರೋಗ್ರಾಮ್ ಅಲ್ಲೇ ಕಲ್ಲಾಗಿ ನಿಲ್ಲಬಹುದು. ಒಂದು ಮಿತಿಯೂ ನೆನಪಿರಲಿ: ಸಾಮಾನ್ಯ ಲಿನಕ್ಸ್ ಯಂತ್ರದಲ್ಲಿ ಒಂದೊಂದು ಸಾಲು 128 ಕಿಲೋಬೈಟ್ ಮೀರುವಂತಿಲ್ಲ. ವಿಂಡೋಸ್‌ನಲ್ಲಿ ಒಂದು ವೇರಿಯಬಲ್‌ಗೆ 32,767 ಅಕ್ಷರ.

ರಸೀದಿಯ ಮಟ್ಟಿಗೆ ಹೇಳುವುದಾದರೆ ಟಿಝಡ್ ತಂಟೆಯೇ ಬೇಡ. ಭಾರತದಲ್ಲಿ ಈಗ ಬೇಸಿಗೆ ಸಮಯ, ಚಳಿಗಾಲದ ಸಮಯ ಎಂಬ ಬದಲಾವಣೆ ಇಲ್ಲ. ಟೈಮ್ ಫಂಕ್ಷನ್ ಕೊಡುವ ಸೆಕೆಂಡುಗಳಿಗೆ 19,800 ಕೂಡಿಸಿ ಜಿಎಮ್‌ಟೈಮ್‌ಗೆ ಕೊಟ್ಟರೆ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಸರಿಯಾದ ಗಂಟೆ ಬರುತ್ತದೆ. ನ್ಯೂಯಾರ್ಕ್ ಸಮಯ ಬೇಕಾದವರಿಗೆ ಈ ಅಡ್ಡದಾರಿ ನಡೆಯುವುದಿಲ್ಲ, ಅಲ್ಲಿ ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುತ್ತಾರೆ. ಲೋಕೇಲ್‌ಗೂ ಪೋಸಿಕ್ಸ್ 2008ರಲ್ಲಿ ನ್ಯೂಲೋಕೇಲ್, ಯೂಸ್‌ಲೋಕೇಲ್ ಬಂದಿವೆ, ಒಂದು ಥ್ರೆಡ್‌ಗೆ ಮಾತ್ರ ಕನ್ನಡ ಬೇಕೆಂದರೆ ಅದು ಸಾಕು. ಎನ್ವಿರಾನ್‌ಮೆಂಟ್ ಬದಲಿಸುವ ಮುಂಚೆ ಇಂಥ ನೇರ ದಾರಿ ಇದೆಯೇ ಎಂದು ಹುಡುಕಿದರೆ ಹತ್ತಕ್ಕೆ ಎಂಟು ಸಲ ಸಿಕ್ಕೇ ಸಿಗುತ್ತದೆ.

ಸಿ ಸಮಿತಿಗೆ ಈ ಯಾವುದೂ ತಿಳಿಯದ್ದಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಸಿ23 ಸ್ಟ್ಯಾಂಡರ್ಡ್ ಪೋಸಿಕ್ಸ್‌ನ ಹಳೆಯ ಸಾಮಾನುಗಳಾದ ಸ್ಟ್ರ್‌ಡಪ್, ಜಿಎಮ್‌ಟೈಮ್_ಆರ್, ಲೋಕಲ್‌ಟೈಮ್_ಆರ್‌ಗಳನ್ನು ಒಳಗೆ ಕರೆದುಕೊಂಡಿತು. ಯುನಿಕ್ಸ್ ಲೋಕದಲ್ಲಿ ಮೊದಲಿಂದ ಓಡಾಡುತ್ತಿದ್ದ ಟೈಮ್‌ಜಿಎಮ್‌ಗೂ ಜಾಗ ಕೊಟ್ಟಿತು. ಟೈಮ್‌ಜಿಎಮ್ ಇಲ್ಲದ ಕಡೆ ಜನ ಟಿಝಡ್ ಬದಲಿಸಿ, ಲೆಕ್ಕ ಹಾಕಿ, ಮತ್ತೆ ಹಳೆಯದಕ್ಕೆ ತರುತ್ತಿದ್ದರು. ಅದೊಂದು ನೆವ ಇನ್ನು ಇಲ್ಲ. ಎನ್ವಿರಾನ್‌ಮೆಂಟ್ ವಿಷಯದಲ್ಲಿ ಮಾತ್ರ ಸಿ23ರಲ್ಲೂ ಇರುವುದು 1989ರ ಗೆಟ್‌ಎನ್ವ್, ಸೆಟ್‌ಎನ್ವ್ ಅಲ್ಲಿಲ್ಲ.